ಜವರಪ್ಪನವರ ಸೊಟ್ಟ ಮೂಗು

ಕೃಷ್ಣಮೂರ್ತಿಪುರಂ, ಮೈಸೂರು
೧೮–೨–೧೯೯೯, ಗುರುವಾರ

ನನ್ನ ಅಮರೇಶನಿಗೆ, ಅಮ್ಮ ತಲೆ ಸವರಿ ಬರೆಯುವುದು,

ಹೇಗಿದ್ದೀಯ ಮಗನೇ? ಗುಲ್ಬರ್ಗದಲ್ಲಿ ಶಿವರಾತ್ರಿ ಕಳೆಯುವುದೇ ತಡ, ಬಿಸಿಲು ನೆತ್ತಿ ಸುಡುತ್ತದೆ ಅಂತ ಹಿಂದಿನ ಬೀದಿಯ ಷಡಕ್ಷರಿ ಮೇಷ್ಟ್ರು ಹೇಳಿದರು. ಅವರು ಅಲ್ಲಿ ನಾಲ್ಕು ವರ್ಷ ಇದ್ದು ಬಂದವರು. ಕೆಲಸದ ಜಾಗಕ್ಕೆ ಹೋಗುವಾಗ ತಲೆಗೆ ಒಂದು ಟವಲ್ಲಾದರೂ ಸುತ್ತಿಕೋ. ಎದೆಯುರಿ ಕಡಿಮೆಯಾಯಿತೇ? ಹೋಟೆಲಿನ ಊಟ ಮಾಡಿದ ದಿನ ತಪ್ಪದೆ ಮಜ್ಜಿಗೆ ಕುಡಿ. ನನ್ನ ಮಂಡಿ ಹಾಗೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೊಸ ಕನ್ನಡಕ ಬಂದಿದೆ. ಸೊಸೆ ದಾಕ್ಷಾಯಿಣಿಯೇ ಎರಡು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾಡಿಸಿದಳು. ಆದ್ದರಿಂದ ಅಕ್ಷರ ವಕ್ರವಾಗಿ ಕಂಡರೆ ಅದು ಕಣ್ಣಿನ ತಪ್ಪಲ್ಲ, ಕೈಯದು.

ಈ ವಿಷಯವನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಭಾನುವಾರ ನೋಡಿದೆ. ನೀನು "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಎಂದು ಕೇಳುತ್ತೀಯ. ನಾನು ನಿನ್ನ ಹೆಂಡತಿಯ ಹೆಸರು ಎತ್ತಿದೊಡನೆ "ಸರಿ ಇಡ್ತೀನಮ್ಮ" ಅಂದುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲವಲ್ಲ. ಮಡಚಿ ಮೇಜಿನ ಖಾನೆಗೆ ಹಾಕಿದರೂ ಆಮೇಲೆ ತೆಗೆದು ಓದುತ್ತೀಯ. ನಿನ್ನನ್ನು ಹೆತ್ತವಳಿಗೆ ಅಷ್ಟು ಗೊತ್ತು. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರಪಡಬೇಡ. ಮೊದಲಿನಿಂದ ಸಾಲಾಗಿ ಬರೆದರೆ ನನಗೆ ಸಲೀಸು.

ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ಮಂಗಳವಾರ, ಹೊತ್ತು ಹನ್ನೊಂದರ ಸುಮಾರು. ದಾಕ್ಷಾಯಿಣಿ ಒಂಟಿಕೊಪ್ಪಲಿನ ಸ್ಕೂಲಿನಲ್ಲಿ ಡ್ರಾಯಿಂಗ್ ಕ್ಲಾಸು ಮುಗಿಸಿ ಆಗ ತಾನೇ ಬಂದಿದ್ದಳು. ಗೇಟಿನ ಹತ್ತಿರ ಯಾರೋ ಕೂಗಿದ ಹಾಗಾಯಿತು. "ಇದು ಪಟ ಬರ್ಯೋ ಸದಾಸಿವಯ್ನೋರ ಮನೆಯೇನವ್ವಾ?" ನಿನ್ನ ಅಪ್ಪಾಜಿ ಹೋಗಿ ಎಂಟು ವರ್ಷವಾಯಿತು. ಅವರನ್ನು ಹಾಗೆ, ಒಳಗೆ ಕೂತು ಬರೆಯುತ್ತಿದ್ದಾರೆ ಅನ್ನುವಂತೆ ಕೇಳಿಕೊಂಡು ಬಂದವರು ಈಚೆಗೆ ಒಬ್ಬರೂ ಇರಲಿಲ್ಲ. ಹೋಗಿ ನೋಡಿದರೆ ನನ್ನದೇ ವಯಸ್ಸಿನ ಹೆಂಗಸು, ತಲೆ ಪೂರ್ತಿ ಬೆಳ್ಳಗಾಗಿದೆ, ಕೈಚೀಲದ ತುಂಬ ಸೊಗಡಿನ ಅವರೆಕಾಯಿ. ಇಲವಾಲದವಳಂತೆ, ಹೆಸರು ಚೆಲುವಮ್ಮ. ಕೂರಿಸಿ ನೀರು ಬೆಲ್ಲ ಕೊಟ್ಟೆ.

ಅವಳು ಬಂದ ಕಾರಣ ಇದು. ಇಪ್ಪತ್ತೇಳು ವರ್ಷದ ಹಿಂದೆ, ಎಪ್ಪತ್ತೆರಡರಲ್ಲಿ, ಅವಳ ಗಂಡ ಜವರಪ್ಪ ತೀರಿಕೊಂಡಿದ್ದರು. ಅವರದೊಂದು ಫೋಟೋ ಅಂತ ಇದ್ದದ್ದು ಹಾಲಿನ ಸೊಸೈಟಿಯವರು ತೆಗೆಸಿದ ಗುಂಪಿನ ಫೋಟೋ ಮಾತ್ರ. ಹಿಂದಿನ ಸಾಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮುಖ. ಅದನ್ನು ಅಪ್ಪಾಜಿಗೆ ಕೊಟ್ಟು, ವರ್ಷದ ತಿಥಿಯೊಳಗೆ ದೊಡ್ಡದಾಗಿ ಬರೆದುಕೊಡಿ ಅಂದಿದ್ದಳು. ಅಪ್ಪಾಜಿ ಬರೆದರು. ಅವಳು ಬಂದು ನೋಡಿದಳು, ಪಟ ತೆಗೆದುಕೊಳ್ಳದೆ ಹೊರಟುಹೋದಳು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಈಗ ಯಾಕೆ ಬಂದೆ ತಾಯಿ ಅಂದರೆ, "ಮನೆ ಕಟ್ಸಿದೀವಿ ಕಣವ್ವಾ, ತಾರಸಿ ಮನೆ. ಮುಂದಿನ ತಿಂಗ್ಳು ಒಕ್ಲು. ಆ ಜಾಗ ಮಾಡ್ದೋರು ಅವ್ರು. ಗ್ವಾಡೆ ಮ್ಯಾಲೆ ಅವ್ರೇ ಇಲ್ದೆ ನಾನೆಂಗೆ ಒಳಕ್ಕೆ ಕಾಲಿಡ್ಲಿ? ಸರ್ಯಾಗಿಲ್ದಿದ್ರೂ ಪರ್ವಾಗಿಲ್ಲ, ಆ ಪಟನೇ ಕೊಟ್ಬುಡಿ" ಅಂದಳು.

ನಾನು ದಾಕ್ಷಾಯಿಣಿಯ ಮುಖ ನೋಡಿದೆ. ಯಾವ ಪಟ ಅಂತ ಇಬ್ಬರಿಗೂ ಹೊಳೆದುಬಿಟ್ಟಿತ್ತು. ನಿನಗೂ ಹೊಳೆದಿರಬೇಕು. ಬಿಳಿ ಪೇಟ, ಕರಿ ಕೋಟು, ಕಂಬದ ಪಕ್ಕ ನಿಂತ ಮನುಷ್ಯ. ಒಂದೂವರೆ ವರ್ಷದ ಹಿಂದೆ, ಶ್ರಾವಣದಲ್ಲಿ, ನೀನು ಕಚೇರಿಯಿಂದ ಬಂದು ಶೂ ಕೂಡ ಬಿಚ್ಚದೆ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತಾಗ ಅವಳು ನೀಲಿ ಬಣ್ಣ ಹಚ್ಚುತ್ತಿದ್ದದ್ದು ಅದೇ ಪಟದ ಮೇಲೆ. ಅದಕ್ಕೆ ಮುಂಚೆ ಅಟ್ಟದ ಮೇಲಿಂದ ಯಾರೂ ಕೇಳದ ಏಳೆಂಟು ಪಟ ಇಳಿಸಿ ಅವುಗಳ ಮೇಲೂ ಬರೆದಿದ್ದಳು, ಅದು ನಿನಗೆ ಅಂದೇ ಗೊತ್ತಾಗಿದ್ದು. "ನಮ್ಮಪ್ಪನ್ನ ಅಳಿಸ್ತಾ ಇದೀಯಾ ನೀನು" ಅಂದೆ. ಅವಳು ಏನೋ ಹೇಳಲು ಬಂದಳು, ನೀನು ಕೇಳಲಿಲ್ಲ. ನನ್ನ ಕಡೆ ತಿರುಗಿ "ಎಲ್ಲಾ ನೋಡ್ಕೊಂಡು ನೀನೂ ಸುಮ್ನಿದ್ದೀಯಲ್ಲಮ್ಮ" ಅಂದೆ. ದೀಪಾವಳಿಯ ಹೊತ್ತಿಗೆ ಕೇಳಿ ವರ್ಗ ಮಾಡಿಸಿಕೊಂಡು ಹೊರಟೇಹೋದೆ. ಆ ಪಟದ ಮೇಲೆ ನಿನಗೆ ಯಾಕಷ್ಟು ಮಮತೆ ಎಂದು ನಾನು ಬಲ್ಲೆ. ಅದನ್ನು ಬರೆಯುವಾಗ ನಿನಗೆ ಏಳು ವರ್ಷ. ಅಪ್ಪಾಜಿಯ ಕಾಲ ಹತ್ತಿರ ಕೂತು ಪೇಟದ ಒಂದೊಂದು ಮಡಿಕೆ ಮೂಡುವುದನ್ನೂ ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಈಗ ನನ್ನ ಗುಣ ನೋಡು. ಚೆಲುವಮ್ಮನಿಗೆ ನಾನು ಸುಳ್ಳು ಹೇಳಲು ಬಾಯಿ ತೆರೆದೆ. "ಅಷ್ಟು ಹಳೇದು ಎಲ್ಲಿರುತ್ತಮ್ಮ, ಗೆದ್ದಲು ತಿಂದಿರಬೇಕು" ಅಂದೆ. ಫೋಟೋವನ್ನು ಗೆದ್ದಲು ತಿಂದಿದ್ದು ನಿಜವೇ, ಪಟವನ್ನಲ್ಲ. ನಿನ್ನ ಹೆಂಡತಿ ನನ್ನ ಮಾತನ್ನು ಅಲ್ಲೇ ತಡೆದಳು. "ಇಲ್ಲಮ್ಮ. ಪಟ ಇದೆ. ಯಾರೂ ಬರಲ್ಲ ಅಂದ್ಕೊಂಡು ನಾನು ಅದರ ಮೇಲೆ ಬಣ್ಣ ಹಚ್ಚಿಬಿಟ್ಟಿದೀನಿ. ತಪ್ಪು ನಂದು" ಅಂದಳು. ಹೋಗಿ ಪಟವನ್ನೇ ತಂದು ಗೋಡೆಗೆ ಒರಗಿಸಿದಳು. ಒಂದಾಳುದ್ದ ನೀಲಿ, ಮಧ್ಯೆ ಮಧ್ಯೆ ಬೂದಿ ಬಣ್ಣದ ಪಟ್ಟೆಗಳು, ಕೆಳಗೆ ಒಂದು ಕಡೆ ಮಾತ್ರ ಕೋಟಿನ ಗುಂಡಿ ಒಂದು ಹಾಗೇ ಬಿಟ್ಟಿದ್ದಳು. ಚೆಲುವಮ್ಮ ಬಯ್ಯುತ್ತಾಳೆ, ಅಳುತ್ತಾಳೆ ಅಂತ ನಾನು ಕಾದೆ. ಅವಳು ಆ ಗುಂಡಿಯನ್ನು ಬೆರಳಲ್ಲಿ ಮುಟ್ಟಿದಳು. "ಅಂಗಾರೆ ಅವ್ರು ಒಳಗವ್ರಾ?" ಅಂದಳು. ದಾಕ್ಷಾಯಿಣಿ "ಇದಾರೆ" ಅಂದಳು. "ಆಚೆಗೆ ಕರ್ಕೊಂಡ್ ಬತ್ತೀಯಾ?" "ಪ್ರಯತ್ನ ಮಾಡ್ತೀನಿ. ಆಗದೇನೂ ಹೋಗಬಹುದು." "ಸರಿ, ನಾಳಿಂದ ಬತ್ತೀನಿ" ಎಂದು ಚೆಲುವಮ್ಮ ಚೀಲದ ಅವರೆಕಾಯಿಯನ್ನೆಲ್ಲ ನನ್ನ ಮೊರಕ್ಕೆ ಸುರಿದು ಹೊರಟುಹೋದಳು.

ಮಾರನೆಯ ದಿನದಿಂದ ನಮ್ಮ ಮನೆ ಔಷಧಿ ಅಂಗಡಿಯ ಹಾಗಾಯಿತು. ಟರ್ಪೆಂಟೈನ್ ವಾಸನೆ ಅಡಿಗೆಮನೆಯವರೆಗೂ. ದಾಕ್ಷಾಯಿಣಿಯ ಬಣ್ಣ ಒಂದೂವರೆ ವರ್ಷದ್ದು, ಅಪ್ಪಾಜಿಯದು ಇಪ್ಪತ್ತೇಳು ವರ್ಷ ಒಣಗಿ ಕಲ್ಲಾದದ್ದು. ಮೇಲಿನದು ಕರಗುತ್ತದೆ, ಕೆಳಗಿನದು ನಿಲ್ಲುತ್ತದೆ ಎಂದು ಅವಳ ಲೆಕ್ಕ. ನಾನು ದೀಪದ ಬತ್ತಿ ಹೊಸೆದ ಹಾಗೆ ಕಡ್ಡಿಗೆ ಹತ್ತಿ ಸುತ್ತಿ ಕೊಡುತ್ತಿದ್ದೆ. ಅವಳು ಒಂದು ಅಂಗುಲ ಒರೆಸುವುದು, ಹತ್ತಿ ಬಿಸಾಡುವುದು, ಇನ್ನೊಂದು ತೆಗೆದುಕೊಳ್ಳುವುದು. ಚೆಲುವಮ್ಮ ಬೆಳಿಗ್ಗೆ ಬಸ್ಸಿಗೆ ಬಂದು ಮಧ್ಯಾಹ್ನದವರೆಗೆ ಬಾಗಿಲ ಬಳಿ ಕೂತಿರುತ್ತಿದ್ದಳು. ಒಂದು ದಿನ ಅವಳೇ ಕೇಳಿದಳು, "ಬಿಳೀ ಬಟ್ಟೆ ಸಿಕ್ಕಾಕಿಲ್ವಾ ನಿಂಗೆ? ಇದ್ದೋರ್ ಮ್ಯಾಲೇ ಯಾಕವ್ವಾ ಬಳೀತೀಯ?" ನೀನು ಕೇಳಬಹುದಾಗಿದ್ದ ಪ್ರಶ್ನೆ ಅದು. ದಾಕ್ಷಾಯಿಣಿ ಕೈ ನಿಲ್ಲಿಸದೆ ಹೇಳಿದಳು, "ಖಾಲಿ ಬಟ್ಟೆ ಮುಂದೆ ನಿಂತ್ರೆ ನನಗೆ ಏನೂ ತೋಚಲ್ಲಮ್ಮ. ಯಾರಾದ್ರೂ ಮುಂಚೆ ಇದ್ರೆ ಅವರ ಜೊತೆ ಮಾತು ಶುರುವಾಗುತ್ತೆ. ಎಂಟು ಹತ್ತು ದಿನ ಅವರನ್ನೇ ನೋಡ್ತಾ ಕೂತಿರ್ತೀನಿ. ಆಮೇಲೆ ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು ಅಂತ ಅವರೇ ಹೇಳಿದ ಹಾಗೆ ಆಗುತ್ತೆ." ಅವಳು ಹಾಗೆ ದಿನಗಟ್ಟಲೆ ನೋಡುತ್ತಾ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಅಮರೇಶ. ಅಪ್ಪಾಜಿ ಹೋದ ಮೇಲೆ ಆ ಪಟಗಳನ್ನು ಅಷ್ಟು ಹೊತ್ತು ನೋಡಿದವರು ಅವಳೊಬ್ಬಳೇ. ನಾವಿಬ್ಬರೂ ಅವನ್ನು ಅಟ್ಟಕ್ಕೆ ಏರಿಸಿ ಏಣಿ ತೆಗೆದಿಟ್ಟವರು.

ನಾಲ್ಕನೆಯ ದಿನ ಮುಖ ಬಂತು. ಮೊದಲು ಪೇಟ, ಹಣೆ, ಆಮೇಲೆ ಕಣ್ಣು ಮೂಗು. ಒಂದು ಕಿವಿ ಮಾತ್ರ ಬಣ್ಣದ ಜೊತೆಗೇ ಎದ್ದುಹೋಯಿತು. ದಾಕ್ಷಾಯಿಣಿ ಭಯದಲ್ಲಿ ಪಕ್ಕಕ್ಕೆ ಸರಿದು ನಿಂತಳು. ಚೆಲುವಮ್ಮ ಹತ್ತಿರ ಹೋಗಿ ನೋಡಿದವಳು ನಕ್ಕುಬಿಟ್ಟಳು. "ಅಯ್ಯೋ, ಅದೇ ಅಮಲ್ದಾರ್ರು! ಇನ್ನೂ ಅಂಗೇ ಅವ್ರಲ್ಲಾ!" ಎಂದಳು. ನಮಗೆ ಅರ್ಥವಾಗಲಿಲ್ಲ. ಆಗ ಅವಳು ಇಪ್ಪತ್ತೇಳು ವರ್ಷದ ಹಿಂದಿನ ಸಂಗತಿ ಹೇಳಿದಳು. ಜವರಪ್ಪನವರ ಮೂಗು ಸೊಟ್ಟ. ಮದುವೆಗೆ ಮುಂಚೆಯೇ ಎತ್ತು ತಿವಿದು ಎಡಕ್ಕೆ ವಾಲಿಕೊಂಡಿತ್ತು. ನಕ್ಕರೆ ಬಲಗಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಫೋಟೋದ ಆ ಸಣ್ಣ ಮುಖದಲ್ಲಿ ಅದೆಲ್ಲ ಎಲ್ಲಿ ಕಾಣಬೇಕು? ಅಪ್ಪಾಜಿ ಮಠದ ಸ್ವಾಮಿಗಳಿಗೆ ಬರೆಯುವ ನೇರವಾದ ಮೂಗನ್ನೇ ಇಟ್ಟು, ಪೇಟ ಕಟ್ಟಿ, ಕೋಟು ತೊಡಿಸಿದ್ದರು. ಜನ್ಮದಲ್ಲಿ ಕೋಟು ಹಾಕದ ಮನುಷ್ಯ. "ಇವ್ರು ಯಾರೋ ಅಮಲ್ದಾರ್ರು ಇದ್ದಂಗವ್ರೆ ಸ್ವಾಮಿ, ನಮ್ ಯಜಮಾನ್ರಲ್ಲ, ಮೂಗು ಸರಿ ಮಾಡಿ ಅಂದೆ. ಅವ್ರು, ನಾನು ಮೂಗ ಕೆಡ್ಸಾಕಿಲ್ಲ, ಬೇಕಾರೆ ತಗೊಂಡೋಗು, ಬ್ಯಾಡದಿದ್ರೆ ಬುಡು ಅಂದ್ರು. ನಂಗೂ ರೋಸಿಹೋಯ್ತು, ಬಂದ್ಬುಟ್ಟೆ" ಅಂದಳು.

ಇದು ಸುಳ್ಳಲ್ಲ ಮಗನೇ. ಆ ದಿನ ನಾನು ಒಳಗಿದ್ದೆ, ಅಪ್ಪಾಜಿಯ ಗಂಟಲು ಏರಿದ್ದು ನನಗೆ ಕೇಳಿಸಿತ್ತು. ಅವರು ಯಾರಿಗೂ ಕೇಡು ಬಗೆದವರಲ್ಲ. ಸತ್ತವರನ್ನು ಚೆನ್ನಾಗಿ ಕಾಣಿಸಬೇಕೆಂಬುದು ಅವರ ಹಟ. ಕುಳ್ಳರು ಎತ್ತರವಾಗುತ್ತಿದ್ದರು, ಮೈಲಿಬೇನೆಯ ಕಲೆ ಮಾಯವಾಗುತ್ತಿತ್ತು. ಬಹಳ ಜನಕ್ಕೆ ಅದು ಇಷ್ಟವೂ ಆಗುತ್ತಿತ್ತು. ಚೆಲುವಮ್ಮನಿಗೆ ಮಾತ್ರ ಬೇಕಾಗಿದ್ದದ್ದು ಅವಳ ಗಂಡ.

ಇನ್ನು ನಾನು ಬರೆಯಬೇಕಾದದ್ದಕ್ಕೆ ಬರುತ್ತೇನೆ. ಕಾಫಿ ಕುಡಿದು ಬಂದು ಮುಂದುವರಿಸುತ್ತಿದ್ದೇನೆ, ಧೈರ್ಯ ಸಾಲದೆ ಎದ್ದು ಹೋಗಿದ್ದೆ. ಆರನೆಯ ದಿನ ದಾಕ್ಷಾಯಿಣಿ ಕೆಳಗಿನ ಬಲಮೂಲೆ ಒರೆಸುತ್ತಿದ್ದಳು. ಅಲ್ಲಿ ಅಪ್ಪಾಜಿಯ ಬಣ್ಣ ತೆಳುವಾಗಿತ್ತೋ ಏನೋ, ಅದೂ ಎದ್ದುಬಂತು. ಅದರ ಕೆಳಗೆ ಬಿಳಿ ಬಟ್ಟೆ ಕಾಣಲಿಲ್ಲ, ಕೆಂಪು ಕಂಡಿತು. ರಾಶಿ ಕೆಂಪು. "ಅತ್ತೆ, ಇಲ್ಲಿ ಬೇರೆ ಇನ್ನೊಂದು ಚಿತ್ರ ಇದೆ" ಎಂದು ಕೂಗಿದಳು. ನಾನು ಹತ್ತಿ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಆ ಕೆಂಪು ಒಣಮೆಣಸಿನಕಾಯಿ. ಅದನ್ನು ಹರವುತ್ತಾ ಬಗ್ಗಿದವಳು ನಾನು. ಅರವತ್ತನಾಲ್ಕರ ಬೇಸಿಗೆ, ನನಗೆ ಇಪ್ಪತ್ತು, ನೀನಿನ್ನೂ ಹುಟ್ಟಿರಲಿಲ್ಲ. ಇದೇ ಮನೆಯ ತಾರಸಿಯ ಮೇಲೆ ಅಪ್ಪಾಜಿ ನನ್ನನ್ನು ನೋಡುತ್ತಾ ಬರೆದ ಚಿತ್ರ. ಯಾವ ಫೋಟೋವನ್ನೂ ಇಟ್ಟುಕೊಳ್ಳದೆ ಬರೆದದ್ದು. ಅದರಲ್ಲಿ ನನ್ನ ಮುಖ ಸರಿಯಾಗಿ ಕಾಣುತ್ತಲೂ ಇರಲಿಲ್ಲ, ಹಳದಿ ಸೆರಗು, ಕೈ, ಆ ಕೆಂಪು, ಬಿಸಿಲು. ಎಂಟು ವರ್ಷ ನಡುಮನೆಯಲ್ಲಿತ್ತು. ಜವರಪ್ಪನವರ ಪಟಕ್ಕೆ ಅವಸರವಿತ್ತು, ಬೆಂಗಳೂರಿನಿಂದ ಕ್ಯಾನ್ವಾಸು ಬಂದಿರಲಿಲ್ಲ. ಒಂದು ಬೆಳಿಗ್ಗೆ ಅವರು ಅದನ್ನೇ ಗೋಡೆಯಿಂದ ಇಳಿಸಿದರು. ನಾನು ಬೇಡವೆಂದೆ. "ನೀನು ಕಣ್ಣೆದುರಿಗೇ ಇದ್ದೀಯಲ್ಲ ಗಿರಿಜಾ, ಅವನು ಇಲ್ಲ" ಅಂದರು. ಮಧ್ಯಾಹ್ನದ ಹೊತ್ತಿಗೆ ನಾನು ಕಂದು ಬಣ್ಣದ ಕೆಳಗೆ ಹೋಗಿದ್ದೆ. ಅದೊಂದೇ ಅಲ್ಲ, ಅಟ್ಟದ ಮೇಲಿನ ಎಷ್ಟೋ ಪಟಗಳ ಒಳಗೆ ಅವರದೇ ಹಳೆಯ ಚಿತ್ರಗಳಿವೆ. ಯಾರೂ ಕೊಳ್ಳದ ಹೊಲ, ಕೆರೆ, ಎಮ್ಮೆ, ಸಂತೆ. ಒಂದೊಂದನ್ನೂ ಮುಚ್ಚುವಾಗ ಅವರು ಎರಡು ದಿನ ಮಾತಾಡುತ್ತಿರಲಿಲ್ಲ.

ನನಗೆ ಇದೆಲ್ಲ ಗೊತ್ತಿತ್ತು ಅಮರೇಶ. ಶ್ರಾವಣದ ಆ ಸಂಜೆ ನೀನು ಹೆಂಡತಿಯ ಮೇಲೆ ಕೂಗಾಡುವಾಗಲೂ ಗೊತ್ತಿತ್ತು. "ನಿಮ್ಮಪ್ಪನೂ ಹೀಗೇ ಮಾಡುತ್ತಿದ್ದರು ಕಣೋ" ಎಂಬ ಒಂದು ಮಾತು ಅಂದಿದ್ದರೆ ನೀನು ಒಂದು ಗಳಿಗೆಯಾದರೂ ನಿಲ್ಲುತ್ತಿದ್ದೆ. ಅನ್ನಲಿಲ್ಲ. ನಿನ್ನ ಕಣ್ಣಲ್ಲಿ ಅಪ್ಪಾಜಿ ಸ್ವಲ್ಪವೂ ಕಡಿಮೆಯಾಗಬಾರದೆಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜ ಅದಲ್ಲ. ನನ್ನನ್ನು ಮುಚ್ಚಿ ಬರೆದ ಪಟವನ್ನು ಕೊನೆಗೆ ಯಾರೂ ಒಯ್ಯಲೇ ಇಲ್ಲವಲ್ಲ ಎಂಬ ಸಿಟ್ಟು ಇಪ್ಪತ್ತೈದು ವರ್ಷ ನನ್ನ ಹೊಟ್ಟೆಯಲ್ಲಿತ್ತು. ಸೊಸೆ ಅದರ ಮೇಲೆ ನೀಲಿ ಬಳಿಯುವುದನ್ನು ನೋಡಿ ಒಳಗೊಳಗೇ ನನಗೆ ಸಮಾಧಾನವಾಗಿತ್ತು. ಆ ಸಮಾಧಾನದ ನಾಚಿಕೆಗೆ ಬಾಯಿ ಕಟ್ಟಿಹೋಯಿತು. ಅವಳು ಒಬ್ಬಳೇ ನಿನ್ನ ಮಾತು ಕೇಳಿದಳು. ಇದನ್ನು ಅವಳಿಗೂ ಹೇಳಿದ್ದೇನೆ, ನೆಲದ ಮೇಲೆ ಕೂತಲ್ಲೇ, ಚೆಲುವಮ್ಮನ ಎದುರಿಗೇ. ದಾಕ್ಷಾಯಿಣಿ ನನ್ನ ಮೇಲೆ ರೇಗಲಿಲ್ಲ. ಹತ್ತಿರ ಬಂದು ಕೂತು, ಟರ್ಪೆಂಟೈನ್ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಮೆತ್ತಗೆ, "ಅತ್ತೆ, ಬೇಕು ಅಂದ್ರೆ ನಿಮ್ಮ ಚಿತ್ರ ಪೂರ್ತಿ ಹೊರಗೆ ತೆಗೀತೀನಿ. ಮಾವನೋರು ಬರೆದಿದ್ರಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿರಬೇಕು. ಆದ್ರೆ ಆಗ ಇವರು ಉಳಿಯಲ್ಲ" ಅಂದಳು.

ಚೆಲುವಮ್ಮ ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿ ಸುತ್ತುತ್ತಾ "ನಿಮ್ದು ಮೊದ್ಲಿಂದು ಕಣವ್ವಾ, ನಿಮ್ಗೆಂಗ್ ಬೇಕೋ ಅಂಗ್ ಮಾಡಿ" ಅಂದಳು. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತು ವರ್ಷದ ಗಿರಿಜೆಯನ್ನು ಒಂದು ಸಲ ನೋಡಬೇಕು ಅನ್ನಿಸಿತು, ಅವರ ಕಣ್ಣಿಗೆ ನಾನು ಹೇಗೆ ಕಂಡಿದ್ದೆ ಎಂದು. ಆದರೆ ಆ ಹೆಂಗಸು ಆರು ದಿನದಿಂದ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಅವಳ ಗಂಡನ ಹೆಸರಿನಲ್ಲಿ ಪ್ರಪಂಚದಲ್ಲಿ ಬೇರೊಂದು ಗೆರೆಯೂ ಇಲ್ಲ. ನಾನಾದರೋ ಅವರೆಕಾಳು ಬಿಡಿಸಿಕೊಂಡು ಗಟ್ಟಿಯಾಗಿ ಕೂತಿದ್ದೇನೆ. "ಮುಚ್ಚು ಕಣೆ ದಾಕ್ಷು, ಮುಚ್ಚಿ ಅವಳ ಗಂಡನ ಮೂಗು ಸರಿಮಾಡು" ಎಂದೆ. ಈ ಸಲ ಮುಚ್ಚು ಎಂದವಳು ನಾನೇ. ಅದರಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ನಿನಗೆ ಹೇಗೆ ಹೇಳಲಿ!

ಆಮೇಲಿನ ಹತ್ತು ದಿನ ನೀನು ನೋಡಬೇಕಿತ್ತು. ಮುಖ ಬರೆಯುವುದನ್ನು ಕಲಾಶಾಲೆಯಲ್ಲೇ ಬಿಟ್ಟವಳು ನಿನ್ನ ಹೆಂಡತಿ. ಅವಳಿಗೆ ಹೇಳಿಕೊಡುವವಳು ಚೆಲುವಮ್ಮ. "ಇನ್ನೂ ವಸಿ ಸೊಟ್ಟ... ಅಷ್ಟಲ್ಲ ಕಣವ್ವಾ, ಎತ್ತು ತಿವಿದಿದ್ದು, ಲಾರಿ ಅಲ್ಲ." ನಗುವಾಗ ಮುಚ್ಚಿಹೋಗುವ ಕಣ್ಣಿಗೆ ಮೂರು ದಿನ ಹಿಡಿಯಿತು. ಕೋಟು ಹೋಗಿ ಹೆಗಲ ಮೇಲೆ ಒಂದು ಟವಲ್ಲು ಬಂತು. ಪೇಟ ಮಾತ್ರ ಅಪ್ಪಾಜಿ ಬರೆದದ್ದೇ ಉಳಿಯಿತು, ಒಂದು ಮಡಿಕೆಯನ್ನೂ ದಾಕ್ಷಾಯಿಣಿ ಮುಟ್ಟಲಿಲ್ಲ. ಸುತ್ತ ಉಳಿದಿದ್ದ ತನ್ನ ನೀಲಿಯನ್ನೂ ಒರೆಸಲು ಹೋದಾಗ ಚೆಲುವಮ್ಮ ತಡೆದಳು. "ಅದಿರ್ಲಿ ಬುಡು. ನಮ್ ಗ್ವಾಡೆಗೂ ಅದೇ ಬಣ್ಣ ಬಳ್ದಿದ್ದೀವಿ" ಅಂದಳು. ಹದಿನಾರನೆಯ ದಿನ ದಾಕ್ಷಾಯಿಣಿ ಕುಂಚ ಇಟ್ಟು ಹಿಂದೆ ಸರಿದಳು. ಚೆಲುವಮ್ಮ ಎದ್ದು ನಿಂತು ಬಹಳ ಹೊತ್ತು ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹಿರಿಯರ ಮುಂದೆ ಎಳೆದುಕೊಳ್ಳುತ್ತಾರಲ್ಲ ಹಾಗೆ. "ಬಂದ್ಬುಟ್ರು ಕಣವ್ವಾ" ಅಂದಳು. ನಮ್ಮ ಮೂವರಲ್ಲಿ ಯಾರು ಮೊದಲು ಅತ್ತರೋ ನೆನಪಿಲ್ಲ.

ಹೋದ ವಾರ ಮನೆ ಒಕ್ಕಲು ಆಯಿತು. ನಾವಿಬ್ಬರೂ ಹೋಗಿದ್ದೆವು. ಬಣ್ಣ ಇನ್ನೂ ಹಸಿ, ಮುಟ್ಟಬೇಡಿ ಎಂದು ದಾಕ್ಷಾಯಿಣಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಊರಿನ ಹಳಬ ಮಂಟಯ್ಯ ಎನ್ನುವವರು ಕೋಲೂರಿಕೊಂಡು ಒಳಗೆ ಬಂದವರು ಪಟ ನೋಡಿ, "ಏನ್ಲಾ ಜವ್ರಾ" ಅಂದುಬಿಟ್ಟರು! ದಾಕ್ಷಾಯಿಣಿ ಹೊರಗೆ ಚಪ್ಪರದ ಕೆಳಗೆ ಹೋಗಿ ನಿಂತು ಕಣ್ಣೊರೆಸಿಕೊಂಡಳು. ಬಸ್ಸಿನಲ್ಲಿ ಬರುವಾಗ, "ಅತ್ತೆ, ಇನ್ನು ಮೇಲೆ ಪಟದವರ ಮನೆ ಹುಡುಕಿ ಕೇಳದೆ ಬಣ್ಣ ಹಚ್ಚಲ್ಲ. ಆದ್ರೆ ಹಚ್ಚೋದು ಬಿಡಲ್ಲ" ಅಂದಳು. ನಾನು, ಬಿಡಬೇಡ ಅಂದೆ. ಅಟ್ಟದಿಂದ ಅಪ್ಪಾಜಿಯ ಪೆಟ್ಟಿಗೆ ಇಳಿಸಿ ಹಳೆಯ ವಿಳಾಸಗಳನ್ನು ಇಬ್ಬರೂ ಹುಡುಕುತ್ತಿದ್ದೇವೆ. ಇಬ್ಬರು ಈಗಾಗಲೇ ಬಂದು ತಮ್ಮ ಹಿರಿಯರನ್ನು ಒಯ್ದರು. ಒಬ್ಬರು ಮಾತ್ರ ನಮಗೆ ಬೇಡ, ಏನಾದರೂ ಮಾಡಿಕೊಳ್ಳಿ ಅಂದರು. ಅದರ ಮುಂದೆ ಅವಳು ನಾಲ್ಕು ದಿನದಿಂದ ಕೂತಿದ್ದಾಳೆ.

ನಿನ್ನ ಅಪ್ಪಾಜಿಯನ್ನು ಚಿಕ್ಕವರನ್ನಾಗಿ ಮಾಡಲು ಇಷ್ಟೆಲ್ಲ ಬರೆಯಲಿಲ್ಲ. ನನ್ನ ಪಾಲಿಗೆ ಅವರು ಈಗ ಇನ್ನಷ್ಟು ಹತ್ತಿರವಾಗಿದ್ದಾರೆ, ನಿನಗೂ ಆಗಲಿ. ನಿನ್ನ ಕೋಪದಲ್ಲಿ ಅರ್ಧ ನನಗೆ ಸೇರಬೇಕಾದದ್ದು, ಅದನ್ನು ನನಗೇ ಕಳಿಸು. ಷಡಕ್ಷರಿ ಮೇಷ್ಟ್ರು ನಿನ್ನನ್ನು ವಿಚಾರಿಸಿದರೆಂದು ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆ ಮಾಡು. ಶಿವ ನಿನ್ನ ಮನಸ್ಸನ್ನು ತಿಳಿಯಾಗಿಟ್ಟಿರಲಿ.

ನಿನ್ನ ಅಮ್ಮ,
ಗಿರಿಜಾಂಬಾ

ವಿ.ಸೂ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅವಳು ಸ್ಕೂಲಿನಿಂದ ಬರುವುದರೊಳಗೆ ಡಬ್ಬಿಗೆ ಹಾಕಬೇಕು. ಗುಲ್ಬರ್ಗದಲ್ಲಿ ಐದು ಜನ ಕಲಾವಿದರ ಪ್ರದರ್ಶನ ಮಾರ್ಚ್ ಎರಡರಿಂದ ಶುರುವಂತೆ, ಅದರಲ್ಲಿ ದಾಕ್ಷಾಯಿಣಿಯದು ಆರು ಚಿತ್ರ. ೨೮ನೇ ತಾರೀಕು ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ಬೊಂಬಾಯಿ ರೈಲು ಹತ್ತಿ ಸೋಮವಾರ ಬೆಳಿಗ್ಗೆ ನಿಮ್ಮೂರಲ್ಲಿ ಇಳಿಯುತ್ತಾಳೆ. ಲಾಡ್ಜಿನಲ್ಲಿ ಇರುತ್ತೇನೆ, ಅವರಿಗೆ ತಿಳಿಸಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಆದರೆ ನಿನ್ನೆ ಅವಳ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಹುರಿಗಡಲೆ ಚಟ್ನಿಪುಡಿ ಕಂಡೆ. ಅವಳು ಚಟ್ನಿಪುಡಿ ಮುಟ್ಟುವವಳಲ್ಲ. ಚಿತ್ರಗಳ ಕಟ್ಟು ಬಹಳ ಭಾರ, ಒಬ್ಬಳೇ ಇಳಿಸಲಾರಳು. ಸ್ಟೇಷನ್ನಿಗೆ ಹೋಗು.